ಮೂರನೆಯ ಗಿರಾಕಿ

ಎರ್ರಗಡ್ಡದಲ್ಲಿ ಮೆಟ್ರೊ ಹತ್ತಿದಾಗಿನಿಂದ ಅಪ್ಪ ಕಂಬ ಹಿಡಿದುಕೊಂಡೇ ನಿಂತಿದ್ದ. ಎದುರಿಗೇ ಸೀಟು ಖಾಲಿ ಇತ್ತು. ಅರವಿಂದ್ ಮೊದಲು ಕಣ್ಣಿನಲ್ಲಿ ತೋರಿಸಿದ, ಆಮೇಲೆ ಗದ್ದ ಎತ್ತಿ ತೋರಿಸಿದ, ಕೊನೆಗೆ ಬಾಯಿಬಿಟ್ಟು, "ಕೂತ್ಕೊ ಅಪ್ಪಾ, ಟಿಕೆಟ್ ತಗೊಂಡಿದ್ದೀವಿ" ಎಂದ. ಅಪ್ಪ ಪ್ಯಾಂಟಿನ ಹಿಂಬದಿಯನ್ನು ಅಂಗೈಯಿಂದ ಒಮ್ಮೆ ಝಾಡಿಸಿಕೊಂಡು, "ಇರ್ಲಿ, ಪರವಾ ಇಲ್ಲ" ಎಂದು ಕಿಟಕಿಯಾಚೆ ಸರಿಯುತ್ತಿದ್ದ ಅರ್ಧ ಕಟ್ಟಿದ ಮಹಡಿಗಳನ್ನು ನೋಡತೊಡಗಿದ. ಆ ಝಾಡಿಸುವಿಕೆಯೇ ಅರವಿಂದನ ಮೈ ಉರಿಸುವುದು. ಕಾಂಕ್ರೀಟಿಗೆ ಹಲಗೆ ಹೊಡೆಯುವ ಸೆಂಟ್ರಿಂಗ್ ಕೆಲಸ ಬಿಟ್ಟು ಎಷ್ಟೋ ಕಾಲವಾದರೂ ಈ ಮನುಷ್ಯನ ಅಂಡಿಗೆ ಇನ್ನೂ ಸಿಮೆಂಟು ಅಂಟಿಕೊಂಡೇ ಇದೆ. ಇಲ್ಲದ ಧೂಳನ್ನು ಕೊಡವಿ ಕೊಡವಿ ನೋಡುವವರ ಕಣ್ಣಿಗೆ ಹಾಕುತ್ತಾನೆ. ಮೇಲಾಗಿ ಇವತ್ತು ತೊಟ್ಟಿದ್ದು ಯಾವುದೋ ಸಿಮೆಂಟು ಕಂಪನಿಯವರು ಮೇಸ್ತ್ರಿಗಳಿಗೆ ಪುಕ್ಕಟೆ ಹಂಚಿದ ಹಳದಿ ಟೀ ಶರ್ಟು. ಎದೆಯ ಮೇಲೆ 'ಗಟ್ಟಿತನಕ್ಕೆ ಗ್ಯಾರಂಟಿ' ಎಂದು ತೆಲುಗಿನಲ್ಲಿ ಬರೆದಿತ್ತು. ಅರವಿಂದನ ಚೀಲದಲ್ಲಿ ನಿನ್ನೆ ಅಬಿಡ್ಸ್‌ನಿಂದ ತಂದ ಹೊಸ ಧೋತರ, ಒಂದು ರುಮಾಲು ಮಡಿಕೆ ಮುರಿಯದೆ ಕೂತಿದ್ದವು. ಬೆಳಿಗ್ಗೆ, ಅಪ್ಪ ಈಗ ಇರುವ ಅಕ್ಕ ಸುವರ್ಣಾಳ ಮನೆಯಲ್ಲಿ ಅವನ್ನು ತೆಗೆದು ಮುಂದಿಟ್ಟಾಗ ಅಪ್ಪ ಬೆರಳಿನಿಂದ ಅಂಚನ್ನು ಮುಟ್ಟಿ ನೋಡಿ, "ಇದನ್ನ ಉಟಗೊಂಡು ಮೆಟ್ರೊ ಹತ್ತಿದ್ರ ಮಂದಿ ನಾಟಕದಾಂವ ಅಂತಾರ" ಎಂದಿದ್ದ. ತನ್ನ ಅಪ್ಪ ಗೊಲ್ಲಾಳಪ್ಪ ಅಂದರೆ ಹೇಗಿರಬೇಕು ಎಂಬುದು ಅರವಿಂದನಿಗೆ ಚೆನ್ನಾಗಿ ಗೊತ್ತಿತ್ತು. ಗೊಲ್ಲಾಳಪ್ಪನಿಗೇ ಗೊತ್ತಿರಲಿಲ್ಲ.

ಇವತ್ತು ಆಗಬೇಕಾದ ಕೆಲಸ ಸಣ್ಣದು. ದಿಲ್‌ಸುಖ್‌ನಗರದ ಶರಣಬಸಮ್ಮ ಎಂಬ ಮುದುಕಿಯ ಮನೆಯಿಂದ ಒಂದು ಸಾಗವಾನಿ ಊಟದ ಮೇಜನ್ನು ಇಳಿಸಿ ತರಬೇಕು. ಆಕೆ ಅದನ್ನು ಗೊಲ್ಲಾಳಪ್ಪನ ಕೈಗೆ ಮಾತ್ರ ಕೊಡುತ್ತೇನೆಂದು ಪಟ್ಟು ಹಿಡಿದಿದ್ದಳು. ಅದಕ್ಕೇ ಗೊಲ್ಲಾಳಪ್ಪನನ್ನು ಹೀಗೆ ಹೊತ್ತು ತರಬೇಕಾಗಿ ಬಂದದ್ದು. ಆದರೆ ಆಕೆಯ ಜೊತೆ ಫೋನಿನಲ್ಲಿ ಇಷ್ಟು ದಿನ ಮಾತಾಡಿದ ಗೊಲ್ಲಾಳಪ್ಪ ಈ ಹಳದಿ ಟೀ ಶರ್ಟಿನವನಲ್ಲ, ಪಕ್ಕದ ಸೀಟಿನಲ್ಲಿ ಇಸ್ತ್ರಿಯ ಗೆರೆ ಕೆಡದಂತೆ ಕೂತ ಅವನ ಮಗ, ಎಂಬುದು ಅಪ್ಪನಿಗೆ ತಿಳಿಯಬಾರದು. "ಆ ಅಜ್ಜಿ ನಮ್ಮ ಕಡೆಯವರಿಗೇ ಕೊಡ್ತೀನಿ ಅಂತಿದ್ದಾಳೆ. ನಾನು ನಿನ್ನ ಹೆಸರು ಹೇಳಿದ್ದೀನಿ. ನೀನು ಜಾಸ್ತಿ ಮಾತಾಡಬೇಡ, ಹೂಂ ಅಂದರೆ ಸಾಕು" ಎಂದಷ್ಟೇ ಹೇಳಿದ್ದ. ಅಪ್ಪ ಅದಕ್ಕೂ ಹೂಂ ಅಂದಿದ್ದ. ಮೇಜು ಸಿಕ್ಕರೆ ಸಾಕೆಂದೇನಲ್ಲ. ಅದು ಯಾರ ಬಾಯಿಂದ ಸಿಕ್ಕಿತೆಂಬುದು ಮುಚ್ಚಿಯೇ ಇರಬೇಕು. ಯಾಕೆಂದರೆ ಆ ಬಾಯಿಯ ಅಣಕ ಈ ಮೇಜಿನ ವ್ಯವಹಾರಕ್ಕಿಂತ ಬಹಳ ಹಳೆಯದು.

ಮನೆಯನ್ನು ಹಳೆಯ ಸಾಮಾನಿನಿಂದಲೇ ತುಂಬುವುದು ಹೆಂಡತಿ ವರ್ಷಾಳ ವ್ರತ. ಎಲ್.ಬಿ. ನಗರದ ಆಚೆ ಫ್ಲ್ಯಾಟು ಕೊಂಡ ಮೇಲೆ ಅವನ ಸಂಬಳದ ಅರ್ಧ ಬ್ಯಾಂಕಿನ ಬಾಯಿಗೆ ಬೀಳುತ್ತಿತ್ತು. ಆ ದಾರಿದ್ರ್ಯವನ್ನು ಅಭಿರುಚಿ ಎಂದು ಕರೆಯುವ ಚಾತುರ್ಯ ಮೈಸೂರಿನ ಹುಡುಗಿಗೆ ತಾನೇ ಬರಬೇಕು. ಭಾನುವಾರದ ಸಂತೆಯಿಂದ ಹೊಲಿಗೆ ಯಂತ್ರದ ಕಬ್ಬಿಣದ ಕಾಲು ಬಂತು, ವಾಶ್ ಬೇಸಿನ್ನಿಗೆ ಆಸರೆಯಾಯಿತು. ಟೈರು ಬಂತು, ಹಗ್ಗ ಸುತ್ತಿಸಿಕೊಂಡು ಕೂರುವ ಮೋಡಾ ಆಯಿತು. ಯಾರದೋ ಅಂಗಡಿಯ ನಿಚ್ಚಣಿಕೆ ಪುಸ್ತಕದ ಕಪಾಟಾಗಿ ನಿಂತಿತು. ಅದರ ಮೇಲೆ ಪುಸ್ತಕಗಳು ಹತ್ತಿದವೇ ಹೊರತು ಓದುವವರು ಯಾರೂ ಹತ್ತಲಿಲ್ಲ. ಮರಕ್ಕೆ ಮರುಜನ್ಮ ಎಂದು ವರ್ಷಾ ಫೋಟೋ ಹಾಕುತ್ತಿದ್ದಳು. ಮರುಳು ಜನ್ಮ ಎಂದು ಅವನು ತನ್ನಷ್ಟಕ್ಕೆ ಅಂದುಕೊಳ್ಳುತ್ತಿದ್ದ. ಬಾಲ್ಕನಿಯಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಆಕೆ ಉಜ್ಜು ಕಾಗದ ಹಿಡಿದು ಹಳೆಯ ಬಣ್ಣ ಕೆರೆಯುವಾಗ ಅವನು ಒಳಗೆ ಸೋಫಾದಲ್ಲಿ (ಅದೂ ಯಾರೋ ತೀರಿಕೊಂಡ ಡಾಕ್ಟರರ ಕಾಯುವ ಕೋಣೆಯದು) ಕೂತು ಆ ಕರಕರ ಸದ್ದನ್ನು ಹಲ್ಲುಕಚ್ಚಿ ಸಹಿಸುತ್ತಿದ್ದ. ಒಂದು ದಿನ ಆಕೆ ಹೊಸ ಹಲಗೆಗೆ ಸಿಮೆಂಟು ಕಲಸಿ ಬಳಿದು, ಒಣಗಿದ ಮೇಲೆ ಅಲ್ಲಲ್ಲಿ ಕಿತ್ತು, ಹಿಂದೆ ಸರಿದು ನಿಂತು ನೋಡಿ, "ಎಷ್ಟು ರಾ ಆಗಿದೆ ಅಲ್ವಾ?" ಎಂದಳು. ಅಂಥ ಹಲಗೆಗಳ ಮಂಚದ ಮೇಲೆ ಅವನು ಹುಟ್ಟಿದ್ದ. ಬೋರಬಂಡದ ಆ ತಗಡಿನ ಕೋಣೆಯಲ್ಲಿ ಮಂಚ, ಗೂಡು, ಓದುವ ಮೇಜು ಎಲ್ಲವೂ ಸೈಟಿನಿಂದ ತಂದ ಸೆಂಟ್ರಿಂಗ್ ಹಲಗೆಗಳದ್ದೇ; ಕಾಂಕ್ರೀಟಿನ ಹಕ್ಕಳೆ ತೊಡೆಗೆ ಚುಚ್ಚುತ್ತಿತ್ತು; ಬಾಗಿದ ಮೊಳೆಗಳನ್ನು ಕಲ್ಲಿನ ಮೇಲಿಟ್ಟು ನೆಟ್ಟಗೆ ಮಾಡುವುದು ಶಾಲೆಯಿಂದ ಬಂದ ಕೂಡಲೇ ಅವನ ಕೆಲಸ. ಪರೀಕ್ಷೆಗೆ ಓದುವಾಗ ಮೇಜಿನಿಂದ ಉದುರಿದ ಮರಳು ಪುಸ್ತಕದ ಬೆನ್ನೊಳಗೆ ಸೇರಿ, ಕಾಲೇಜಿನ ಬೆಂಚಿನ ಮೇಲೆ ಪುಸ್ತಕ ಬಿಚ್ಚಿದಾಗ ಸುರಿದಿತ್ತು. ಪಕ್ಕದವನು, "ಕ್ಯಾ ಬೇ, ಘರ್ ಲೇಕೆ ಆಯಾ ಕ್ಯಾ?" ಎಂದು, ಮನೆಯನ್ನೇ ಹೊತ್ತು ತಂದವನನ್ನು ಕಂಡಂತೆ ನಕ್ಕಿದ್ದ. ಅದನ್ನೇ ಈಗ ಹೆಂಡತಿ ಕೈಯಾರೆ ತಯಾರಿಸುತ್ತಿದ್ದಾಳೆ, ನೂರಾರು ಜನ ಮೆಚ್ಚಿ ಹೃದಯ ಒತ್ತುತ್ತಿದ್ದಾರೆ. ಮೂರ್ಖರು. ಅವನು ಅವರೆಲ್ಲರನ್ನೂ ಒಟ್ಟಾಗಿ ತಿರಸ್ಕರಿಸಿದ; ಆ ತಿರಸ್ಕಾರ ಅವನಿಗೆ ಮಧ್ಯಾಹ್ನದ ನಿದ್ದೆಯಷ್ಟು ಹಿತವಾಗಿತ್ತು.

ಆದರೆ ಬೆಲೆ ಇಳಿಸುವುದರಲ್ಲಿ ವರ್ಷಾಳಿಗೆ ಅವನೇ ಗತಿ. ಅದೊಂದು ಪದ್ಧತಿಯೇ ಆಗಿಹೋಗಿತ್ತು. ಮಾರುವವರಿಗೆ ಮೊದಲು ಬೇಗಂ ಬಜಾರಿನ ಸೇಠ್ ಒಬ್ಬ ಫೋನು ಮಾಡುತ್ತಿದ್ದ. ಮೂಗಿನಲ್ಲಿ ಮಾತಾಡಿ, ಮರಕ್ಕೆ ಗೆದ್ದಲು ಹಿಡಿದಿದೆಯೆಂದು ನೋಡದೆಯೇ ಹೇಳಿ, ನಕ್ಕು ಇಟ್ಟುಬಿಡುತ್ತಿದ್ದ. ಗಂಟೆ ಬಿಟ್ಟು ಒಬ್ಬ ನಿವೃತ್ತ ತೆಲುಗು ಹೆಡ್‌ಮಾಸ್ತರು, "ಚೂಡಂಡಿ ಅಮ್ಮಾ" ಎಂದು ಶುರುಮಾಡಿ, ಉದ್ದ ಅಗಲ ಎತ್ತರ ಎಲ್ಲ ಕೇಳಿ, ಇದು ಬಾಗಿಲಲ್ಲಿ ಹಾಯುವುದೇ ಇಲ್ಲ ಎಂದು ನಿಟ್ಟುಸಿರುಬಿಡುತ್ತಿದ್ದರು. ಮೂರನೆಯ ಗಿರಾಕಿ ಬಡವ: ನಾಚಿಕೆ ಬಿಟ್ಟು ತೀರ ಕಡಿಮೆಗೆ ಕೇಳುವವನು. ಇಷ್ಟಾಗುವಷ್ಟರಲ್ಲಿ ಮಾರುವವರು ತಮ್ಮ ಸಾಮಾನಿನ ಮೇಲೆ ತಾವೇ ಬೇಸತ್ತಿರುತ್ತಿದ್ದರು. ಆಗ ನಾಲ್ಕನೆಯವನಾಗಿ, ತನ್ನದೇ ನಯವಾದ ದನಿಯಲ್ಲಿ, ಕೇಂದ್ರ ಸರ್ಕಾರದ ರಕ್ಷಣಾ ಘಟಕವೊಂದರ ಲೆಕ್ಕಪತ್ರ ವಿಭಾಗದ ಅರವಿಂದ್ ಬಂದು ಅವರನ್ನು ಉದ್ಧಾರ ಮಾಡುತ್ತಿದ್ದ. ಮೊದಮೊದಲು ವರ್ಷಾ ದಿಂಬಿನಲ್ಲಿ ಮುಖ ಹುದುಗಿಸಿ ನಗುತ್ತಿದ್ದಳು. ಈಚೆಗೆ ನಗು ಇಳಿದಿತ್ತು. "ನಮ್ಮಪ್ಪನ ಹತ್ರ ನನ್ನನ್ನ ಕೇಳೋಕೆ ಬಂದಾಗ ಮಾತಾಡಿದೆಯಲ್ಲ, ಅದು ಎಷ್ಟನೇ ಗಿರಾಕಿ?" ಎಂದು ಒಮ್ಮೆ ಬ್ರಶ್ಶು ತೊಳೆಯುತ್ತಾ ಕೇಳಿದ್ದಳು.

ಆ ಮೂರನೆಯ ಗಿರಾಕಿಯ ದನಿ ಅವನು ಹುಡುಕಿ ತಂದದ್ದಲ್ಲ. ಅದು ಅವನ ಕಾರ್ಖಾನೆಯ ಕನ್ನಡ ಸಂಘದಲ್ಲಿ ವರ್ಷವರ್ಷವೂ ನವೆಂಬರಿನಲ್ಲಿ ಅವನ ಅಣಕವಾಗಿ ವೇದಿಕೆ ಏರುತ್ತಿದ್ದ ಸೆಂಟ್ರಿಂಗ್ ಮೇಸ್ತ್ರಿಯ ದನಿ. ಮೇಸ್ತ್ರಿ ಇಂಜಿನಿಯರನ ಮುಂದೆ ಕೈಕಟ್ಟಿ, ಮೆಟ್ರೊ ಎಂದರೇನೆಂದು ಕೇಳಿ, ಲಿಫ್ಟಿನಲ್ಲಿ ಚಪ್ಪಲಿ ಬಿಟ್ಟು ಹತ್ತಿ, ಮಗನ ಮನೆಯ ಕಮೋಡನ್ನು ಬೀಸುಕಲ್ಲು ಎಂದು ತಿಳಿದು... ಜನ ಬಿದ್ದು ಬಿದ್ದು ನಗುತ್ತಿದ್ದರು. ಮುಂದಿನ ಸಾಲಿನಲ್ಲಿ ಕೂತ ಜನರಲ್ ಮ್ಯಾನೇಜರರ ಹೆಂಡತಿ ಕಣ್ಣೊರೆಸಿಕೊಂಡು, "ಎಲ್ಲಿ ಕಲಿತಿರಿ ಇದನ್ನ?" ಎಂದು ಕೇಳಿದಾಗ ಅವನು, "ಸುಮ್ಮನೆ, ಅಲ್ಲಿ ಇಲ್ಲಿ ಕೇಳಿ" ಎಂದಿದ್ದ. ಮನೆಯಲ್ಲಿ, ಕಚೇರಿಯಲ್ಲಿ, ಕೊನೆಗೆ ಅಪ್ಪನ ಎದುರಿಗೂ ಅವನು ಆಡುತ್ತಿದ್ದುದು ಕಾಲೇಜಿನಲ್ಲಿ ಉಜ್ಜಿ ಉಜ್ಜಿ ಪಾಲಿಶ್ ಮಾಡಿಕೊಂಡ ಕನ್ನಡವನ್ನೇ. ಹುಟ್ಟಿದ ಮಾತು ಅವನ ಬಾಯಿಗೆ ಬರುತ್ತಿದ್ದುದು ನಗಿಸಲು ಮಾತ್ರ.

ಮೇಜಿನ ಫೋಟೋ ನೋಡಿದ್ದೇ ವರ್ಷಾ ಸೋತುಹೋಗಿದ್ದಳು. ಕಡೆದ ಕಾಲು, ಅಂಚಿಗೆ ಬಳ್ಳಿ, ನಡುವೆ ಒಂದೇ ಅಖಂಡ ಹಲಗೆ. "ಇದೊಂದು ಬಂದ್ರೆ ಮನೆ ಮುಗೀತು ಅರವಿಂದ್. ಆಮೇಲೆ ನಾನು ಏನೂ ಕೇಳಲ್ಲ" ಎಂದಿದ್ದಳು. ಶರಣಬಸಮ್ಮ ಗಂಡ ಹೋದ ಮೇಲೆ ತಂಗಿಯ ಮನೆಗೆ ಹೊರಟಿದ್ದಳಂತೆ. ಅಲ್ಲಿ ಮೇಜಿಗೆ ಜಾಗವಿಲ್ಲವಂತೆ. ಸೇಠ್ ಫೋನು ಮಾಡಿದ, ಬೈಸಿಕೊಂಡ. ಹೆಡ್‌ಮಾಸ್ತರು ಮಾಡಿದರು, ಅವರು ಮುಗಿಸುವ ಮೊದಲೇ ಫೋನು ಕಟ್ಟಾಯಿತು. ಮೂರನೆಯವನಿಗಾಗಿ ಎರಡನೆಯ ಸಿಮ್ಮಿಗೆ ಬದಲಿಸಿ ಅವನು ಗಂಟಲು ಸಡಿಲಿಸಿದ.

"ಹಲೋ... ಮೇಜ ಮಾರೂದೈತಿ ಅಂತ ಹಾಕೀರಲ್ಲ, ಐತೇನ್ರಿ, ಯಾರರ ಒಯ್ದ್ರೋ?"

ಆ ಕಡೆಯಿಂದ ಪ್ರಶ್ನೆಗೆ ಪ್ರಶ್ನೆಯೇ ಬಂತು: "ಯಾವೂರವ್ರರೀ ನೀವು?"

"ಸಿಂದಗಿ ಕಡಿಯವ್ರರೀ ಅಕ್ಕಾರ. ಗೊಲ್ಲಾಳಪ್ಪ ಅಂತಾರ ನನಗ." ಯಾವ ಹೆಸರಾದರೂ ಸಾಕಿತ್ತು. ನಾಲಗೆಯ ತುದಿಯಲ್ಲಿ ಇದ್ದದ್ದು ಅದೊಂದೇ.

"ಎಪ್ಪಾ! ನಾ ಅಫಜಲಪುರದಾಕಿರಿ. ಈ ಫೋನಿನ್ಯಾಗ ಎಷ್ಟ ದಿನದ ಮ್ಯಾಗ ಒಂದ ಮನಶ್ಯಾನ ಮಾತು ಕೇಳಿದೆ ನೋಡ್ರಿ. ಮುಂಜಾನಿಂದ ಬರೇ ಹಲ್ಕಟ್ಟ ಮಂದಿ. ಒಬ್ಬಾಂವ ಸೇಠ್ ಅಂತ, ಮೇಜಿಗೆ ಹುಳಾ ಹತ್ತೇತಿ ಅಂತಾನ. ಹುಳಾ ಹತ್ತಿದ್ದು ಅಂವನ ನಾಲಗಿಗೆ."

"ಇರ್ತಾವ್ರಿ ಅಂಥಾ ಜನ್ಮ" ಎಂದ ಗೊಲ್ಲಾಳಪ್ಪ, ಮನಸಾರೆ.

"ಮೇಜ ಯಾರಿಗೆ ಬೇಕಾಗಿತ್ರಿ?"

"ಮಗಗರಿ. ದೊಡ್ಡ ಆಫೀಸಿನ್ಯಾಗ ಅದಾನ. ಕುರ್ಚಿ ಮ್ಯಾಗ ಕುಂಡರೂದ ಒಂದ ಕೆಲಸ. ಅಂವನ ಮಾತು ಕೇಳಬೇಕ್ರಿ ನೀವು, ರೇಡಿಯೋದಾಗ ವಾರ್ತಾ ಓದಿದಂಗ. ನಾ ಏನರ ಬಾಯಿ ತಗದ್ರ ಆಚೀಚಿ ನೋಡ್ತಾನ, ಯಾರರ ಕೇಳ್ಯಾರೇನು ಅಂತ. ಮಂದಿ ಮುಂದ ನನ್ನ ಅಪ್ಪ ಅನ್ನಾಕ ನಾಚಿಕಿ ಅವಂಗ."

ಇಷ್ಟು ಹೇಳುವುದು ಪದ್ಧತಿಯಲ್ಲಿ ಇರಲಿಲ್ಲ. ಬಡವನೆಂದು ಗೋಳಾಡುವುದಿತ್ತು, ಅಷ್ಟೆ. ಮಾತು ಎಲ್ಲಿಂದಲೋ ತಾನೇ ನುಗ್ಗಿ ಬಂದಿತ್ತು; ವೇದಿಕೆಯ ಮೇಲೂ ಮೇಸ್ತ್ರಿ ಹೀಗೆ ಕೈತಪ್ಪಿ ಹೋದದ್ದಿಲ್ಲ. ಅದರ ರುಚಿಗೆ ಅವನಿಗೇ ಮೈ ಜುಮ್ಮೆಂದಿತು.

"ಅಂಥಾ ಮಗಗ ಮೇಜ ಯಾಕ್ರಿ? ನೆಲದ ಮ್ಯಾಗ ಉಣ್ಲಿ" ಎಂದಳು ಶರಣಬಸಮ್ಮ. ಆಮೇಲೆ ದನಿ ತಗ್ಗಿಸಿ, "ನಿಮ್ಮ ಕೈಲೆ ಎಷ್ಟ ಆಗ್ತೈತಿ ಅಷ್ಟ ಕೊಡ್ರಿ ಅಣ್ಣಾರ. ಮೇಜ ನಿಮ್ದು. ಆದ್ರ ನೀವ ಬರಬೇಕು. ಆ ಮಗನ ಕೈಯಾಗ ಮಾತ್ರ ನಾ ಕೊಡಂಗಿಲ್ಲ, ಈಗ ಹೇಳಿರ್ತೀನಿ" ಎಂದಳು.

ಮರುದಿನ ನಾಲ್ಕನೆಯವನು ಹೋದ. "ನಮಸ್ಕಾರ ಮೇಡಂ, ನಾನು ಅರವಿಂದ್ ಅಂತ. ನಿಮ್ಮ ಡೈನಿಂಗ್ ಟೇಬಲ್ ಬಗ್ಗೆ..."

"ಕೊಟ್ಟಾಗೇತಿ."

"ಅವರಿಗಿಂತ ಒಳ್ಳೆ ಬೆಲೆ ಕೊಡ್ತೀನಿ ಮೇಡಂ."

"ಅವರು ಅಂದ್ರ ಯಾರು? ನೀವೇನ ನೋಡೀರಿ ಅವರನ್ನ?" ಅವನು ತಡವರಿಸುತ್ತಿದ್ದಂತೆ, "ಇಡ್ರಿ ಫೋನು. ವಾರ್ತಾ ಕೇಳಾಕ ನನಗ ಹೊತ್ತಿಲ್ಲ" ಎಂದಳು. ತನ್ನ ದನಿಗೆ ಸಿಕ್ಕದ ಮರ್ಯಾದೆ ತನ್ನ ಅಣಕಕ್ಕೆ ಸಿಕ್ಕಿದ್ದು ಅವನಿಗೆ ಕಪಾಳಕ್ಕೆ ಬಡಿದಂತಾಯಿತು. ಹಳ್ಳಿಮುಕ್ಕ, ಎಂದುಕೊಂಡ. ಆಕೆಗೋ, ತಾನೇ ಸೃಷ್ಟಿಸಿದ ಆ ಮುದುಕನಿಗೋ, ತಿಳಿಯಲಿಲ್ಲ.

ಆಮೇಲೆ ಆಕೆಯೇ ಫೋನು ಮಾಡತೊಡಗಿದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಎರಡನೆಯ ಸಿಮ್ಮಿನ ಗಂಟೆ ಕಪ್ಪೆಯಂತೆ ವಟಗುಟ್ಟುತ್ತಿತ್ತು (ವರ್ಷಾ ತಮಾಷೆಗೆ ಇಟ್ಟದ್ದು), ಅವನು ಬಾಲ್ಕನಿಗೆ ಹೋಗಿ ಉಜ್ಜಿದ ಮರದ ಪುಡಿಯ ನಡುವೆ ಟೈರಿನ ಮೋಡಾದ ಮೇಲೆ ಕೂತು ಗೊಲ್ಲಾಳಪ್ಪನಾಗುತ್ತಿದ್ದ. ಸಜ್ಜೆ ರೊಟ್ಟಿ, ಮೊಣಕಾಲು ನೋವು, ಮಂಡಕ್ಕಿಯ ಸೂಸಲಾಕ್ಕೆ ಹಸಿಮೆಣಸಿನಕಾಯಿ ಹೇಗೆ ಹೆಚ್ಚಬೇಕು, ಹಾಳಾದ ಮಗ. ಗೊಲ್ಲಾಳಪ್ಪನಿಗೆ ಮಾತು ತಡೆಯುತ್ತಿರಲಿಲ್ಲ; ಅವನು ಅರವಿಂದನಿಗಿಂತ ಜಾಣ, ಅರವಿಂದನಿಗಿಂತ ಮೋಜುಗಾರ, ಯಾರ ಮೇಲೂ ಅಸಹ್ಯವಿಲ್ಲದವನು. ಮಗನ ಮೇಲೊಂದು ಬಿಟ್ಟು. ಒಂದು ಸಂಜೆ ವರ್ಷಾ ಬಾಗಿಲಲ್ಲಿ ಒರಗಿ ಪೂರ್ತಿ ಕೇಳಿಸಿಕೊಂಡು, ಅವನು ಫೋನಿಟ್ಟ ಮೇಲೆ, "ನಿಜವಾದವರು ಬೋರಬಂಡದಲ್ಲಿ ಇದ್ದಾರಲ್ಲ. ಕರ್ಕೊಂಡು ಹೋಗು, ಈ ಸಂಸಾರ ಸಾಕು ಮಾಡು" ಎಂದಿದ್ದಳು. ಅಷ್ಟರಲ್ಲಿ ಅವನಿಗೆ ಮೇಜು ಬಿಡಲಾಗದ ಸ್ಥಿತಿ ಬಂದಿತ್ತು. ಬಿಟ್ಟರೆ ಗೆದ್ದವನು ಆ ಮುದುಕ.

ದಿಲ್‌ಸುಖ್‌ನಗರದಲ್ಲಿ ಇಳಿದು, ಕೋಚಿಂಗ್ ಸೆಂಟರುಗಳ ಫಲಕಗಳಲ್ಲಿ ನಗುವ ರ‍್ಯಾಂಕಿನ ಮುಖಗಳ ಕೆಳಗೆ ನಡೆದು, ಗಲ್ಲಿಯ ಬಾಯಲ್ಲಿ ಟ್ರಾಲಿ ಆಟೊದವನಿಗೆ ಕಾಯಲು ಹೇಳಿ, ಲಿಫ್ಟಿಲ್ಲದ ಹಳೆಯ ಕಟ್ಟಡದ ಮೂರನೆಯ ಮಹಡಿ ಹತ್ತುವಷ್ಟರಲ್ಲಿ ಅರವಿಂದ್ ಬೆವೆತಿದ್ದ. ಅಪ್ಪ ಬೆವೆತಿರಲಿಲ್ಲ, ಮೆಟ್ಟಿಲಿನ ತಿರುವಿನಲ್ಲೆಲ್ಲ ನಿಂತು ಗೋಡೆಯ ಅಗಲವನ್ನು ಗೇಣಿನಿಂದ ಅಳೆದು ನೋಡುತ್ತಿದ್ದ. ಬಾಗಿಲು ಆಗಲೇ ತೆರೆದಿತ್ತು. ಖಾಲಿಯಾಗುತ್ತಿದ್ದ ಮನೆಯ ನಡುವೆ ಮೇಜು, ಮೇಜಿನ ಮೇಲೆ ಮುಚ್ಚಿಟ್ಟ ತಟ್ಟೆ, ಪಕ್ಕದಲ್ಲಿ ಮಾಸಿದ ಹಸಿರು ಸೀರೆಯ ಶರಣಬಸಮ್ಮ. ಕಣ್ಣಿಗೆ ಪೊರೆ ಬಂದಿತ್ತು. ಮುಖವನ್ನು ಒಂದಿಷ್ಟು ಓರೆ ಮಾಡಿ, ಕಿವಿಯಿಂದ ನೋಡುವವಳಂತೆ ನಿಂತಿದ್ದಳು.

"ಬರ್ರಿ ಅಣ್ಣಾರ, ಬರ್ರಿ! ಕುಂಡರ್ರಿ. ಸೂಸಲಾ ಅಂದ್ರ ಜೀವಾ ಅಂದಿದ್ರಲ್ಲ, ಬಿಸಿ ಬಿಸಿ ಮಾಡೀನಿ."

"ಪರವಾ ಇಲ್ಲಕ್ಕಾ, ನಾಷ್ಟಾ ಹೋಗಯಾ. ಇಡ್ಲಿ ತಿಂದ ಬಂದೀನಿ" ಎಂದ ಅಪ್ಪ.

ಶರಣಬಸಮ್ಮನ ಕೈ ತಟ್ಟೆಯ ಮುಚ್ಚಳದ ಮೇಲೆ ನಿಂತಿತು. ಅರವಿಂದ್ ಅಪ್ಪನ ಕಡೆ ಹಲ್ಲು ಕಡಿದು ನೋಡಿದ. ಇಷ್ಟು ವರ್ಷ ತೆಲುಗರ, ಬಿಹಾರದವರ, ಹಳೇ ಊರಿನ ಸಾಬರ ನಡುವೆ ಹಲಗೆ ಹೊತ್ತ ಅಪ್ಪನ ನಾಲಗೆ ಎಂದೋ ಕಲಬೆರಕೆಯಾಗಿತ್ತು. ಸಿಂದಗಿಯ ಆ ಹಳೆಯ ಮಾತು ಹಾಳಾಗದೆ ಉಳಿದಿದ್ದರೆ ಅದು ಮಗನ ಅಣಕದ ಡಬ್ಬಿಯೊಳಗೆ. ಇದನ್ನು ಅವನು ಯೋಚಿಸಿಯೇ ಇರಲಿಲ್ಲ.

"ಇಂವನೇನ್ರಿ ಆ ಮಗ?" ಎಂದು ಆಕೆ ಬಾಗಿಲ ಹತ್ತಿರದ ನೆರಳಿನ ಕಡೆ ಗದ್ದ ತಿರುಗಿಸಿದಳು. "ಮಂದಿ ಮುಂದ ನಿಮ್ಮನ್ನ ಅಪ್ಪ ಅನ್ನಾಕ ನಾಚಕೊಳ್ಳಾಂವ?"

ಅಪ್ಪ ನಿಧಾನಕ್ಕೆ ಮಗನನ್ನು ನೋಡಿದ. "ಯಾರ ಅಂದ್ರರಿ ಹಂಗ?"

"ನೀವ ಅಂದ್ರಿ."

"ನಾ ಯಾವಾಗ ಅಂದೆ?"

"ಮೊನ್ನಿ ಅಂದ್ರಿ. ಅದರ ಹಿಂದಿನ ದಿನಾನೂ ಅಂದ್ರಿ. ಲಿಫ್ಟಿನ್ಯಾಗ ಮಂದಿ ಅದಾರ ಅಂತ ನಿಮ್ಮನ್ನ ಮೆಟ್ಟಲಾ ಹತ್ತಿಸಿದ್ದು, ಮನಿಗೆ ದೊಡ್ಡ ಸಾಹೇಬ್ರು ಊಟಕ್ಕ ಬಂದಾಗ ನಿಮ್ಮನ್ನ ಅಡಗಿ ಖೋಲಿಯಾಗ ಕುಂಡ್ರಿಸಿದ್ದು..." ಆಕೆ ನಿಲ್ಲಿಸಿದಳು. ಅವು ಎರಡೂ ನಡೆದದ್ದೇ. ಅಪ್ಪ ಅವನ್ನು ಯಾರಿಗೂ, ಸುವರ್ಣಾಳಿಗೂ, ಹೇಳಿರಲಿಲ್ಲ. ಮರೆತಿದ್ದಾನೆಂದೇ ಅರವಿಂದ್ ತಿಳಿದಿದ್ದ. ಅಪ್ಪನ ಮುಖ ನೋಡಿದರೆ ಮರೆತಂತಿರಲಿಲ್ಲ.

"ನೀವು ಅವ್ರಲ್ಲ" ಎಂದಳು ಶರಣಬಸಮ್ಮ.

"ನಾನ ಗೊಲ್ಲಾಳಪ್ಪರಿ." ಅಪ್ಪ ಗಡಿಬಿಡಿಯಿಂದ ಕಿಸೆಗೆ ಕೈಹಾಕಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾರ್ಡು ತೆಗೆದು ಎರಡೂ ಕೈಯಿಂದ ಮುಂದೆ ಹಿಡಿದ. "ಆಧಾರ್ ಐತಿ ನೋಡ್ರಿ."

"ಆಧಾರ್ ಮಾತಾಡ್ತೈತೇನು? ಮುದಕಿ ಒಬ್ಬಾಕಿ ಅದಾಳ, ಕಣ್ಣ ಕಾಣಂಗಿಲ್ಲ ಅಂತ ನೋಡಾಕ ಬಂದೀರೇನು ಇಬ್ಬರೂ ಕೂಡಿ? ಯಾರಾಂವ ನೀನು, ಅವ್ರ ಹೆಸರ ಹೇಳಿಕೊಂಡು ಬಂದಾಂವ? ಅಲ್ಲೇ ನಿಂದ್ರು. ಅವ್ರಿಗೇ ಫೋನ್ ಹಚ್ಚತೀನಿ, ಆಮ್ಯಾಲೆ ವಾಚ್‌ಮನ್‌ಗ ಕೂಗತೀನಿ."

ಅಪ್ಪ ನಿಂತ. ಸೈಟಿನಲ್ಲಿ ಕಬ್ಬಿಣ ಕಳುವಾದಾಗ ಸಾಲಾಗಿ ನಿಲ್ಲಿಸಿದರೆ ನಿಲ್ಲುತ್ತಿದ್ದ ಹಾಗೆ, ಕಾರ್ಡನ್ನು ಎದೆಯ ಮಟ್ಟಕ್ಕೆ ಹಿಡಿದು. ಶರಣಬಸಮ್ಮ ಫೋನನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು ಗುಂಡಿಗಳನ್ನು ಒತ್ತಿದಳು. ಅರವಿಂದನ ಪ್ಯಾಂಟಿನ ಕಿಸೆಯಲ್ಲಿ ಕಪ್ಪೆ ವಟಗುಟ್ಟಿತು.

ಸಿಮ್ಮನ್ನು ಆರಿಸಲು ಮರೆತಿದ್ದ. ಈಗಲೂ ಕಿಸೆಯೊಳಗೇ ಅದುಮಿಬಿಡಬಹುದಿತ್ತು. ಅದುಮಿದರೆ ವಾಚ್‌ಮನ್ ಬರುತ್ತಾನೆ, ಹಳದಿ ಟೀ ಶರ್ಟಿನವನ ತೋಳು ಹಿಡಿಯುತ್ತಾನೆ. ಬಾಯಿಬಿಟ್ಟು ನಿಜ ಹೇಳಬಹುದಿತ್ತು. ಆದರೆ ಅದನ್ನು ಹೇಳುವ ದನಿಗೆ ಈಕೆ ಒಮ್ಮೆ ಇಡ್ರಿ ಫೋನು ಎಂದುಬಿಟ್ಟಿದ್ದಳು. ಕಪ್ಪೆ ಕೂಗುತ್ತಲೇ ಇತ್ತು. ಅವನು ಫೋನು ತೆಗೆದು ಕಿವಿಗಿಟ್ಟ. ಮೇಜಿನಷ್ಟೇ ದೂರದಲ್ಲಿ ಆಕೆಯೂ ಫೋನನ್ನು ಕಿವಿಗಿಟ್ಟು ನಿಂತಿದ್ದಳು.

"ಹೇಳ್ರಿ ಅಕ್ಕಾರ" ಎಂದ.

ಬಾಲ್ಕನಿಯಲ್ಲಿ ಬಂದುದಕ್ಕಿಂತ ಚೆನ್ನಾಗಿ ಬಂತು. ಮೊದಲ ಸಲ, ಆ ದನಿಯ ಮೂಲವಾದ ಅಪ್ಪನ ಎದುರಿಗೆ, ತಾನೇ ಅದನ್ನು ಕೇಳುತ್ತಿದ್ದ. ಕೇಳಿದರೆ ಎಷ್ಟು ಬಣ್ಣ ಬಳಿದ ದನಿ! ಎಳೆದದ್ದು ಹೆಚ್ಚು, ಬಾಗಿದ್ದು ಹೆಚ್ಚು, ಅಂಚಿಗೆಲ್ಲ ಬಳ್ಳಿ. ನಿಲ್ಲಿಸಬೇಕೆಂದುಕೊಂಡ. "ಮೇಜ ತಯಾರ ಐತೇನ್ರಿ? ಹೊರಟೀನ್ರಿ, ಇಲ್ಲೇ ದಾರ್ಯಾಗ ಅದೀನಿ..." ಎಂದು ಗೊಲ್ಲಾಳಪ್ಪ ಮುಂದುವರಿಸಿದ. ಅಪ್ಪ ಮೊದಲು ಬಾಗಿಲ ಹೊರಗೆ ನೋಡಿದ, ಅಲ್ಲಿ ಯಾರೋ ಬಂದರೆಂಬಂತೆ. ಆಮೇಲೆ ಮಗನ ಬಾಯನ್ನು ನೋಡಿದ. ನೋಡುತ್ತಾ ಅವನ ತುಟಿಗಳೂ ಸಣ್ಣಗೆ ಅಲುಗಿದವು, ಮರೆತ ಪಾಠವನ್ನು ಯಾರೋ ಹೇಳಿಕೊಟ್ಟಂತೆ. ಆಮೇಲೆ ಅಲುಗಾಟ ನಿಂತಿತು. ಕಾರ್ಡನ್ನು ಪ್ಲಾಸ್ಟಿಕ್ಕಿನಲ್ಲಿ ಮೊದಲಿದ್ದ ಹಾಗೆಯೇ ಸುತ್ತಿ ಕಿಸೆಗಿಟ್ಟುಕೊಂಡ.

ಶರಣಬಸಮ್ಮ ಫೋನನ್ನು ಇಳಿಸಿ, ಅಪ್ಪನ ಕಡೆಗೇ ತಿರುಗಿ ಕೇಳಿದಳು. "ಇಂವ ಯಾರು?"

"ಇವ್ರ ಗೊಲ್ಲಾಳಪ್ಪನವ್ರರೀ" ಎಂದ ಅಪ್ಪ. "ನಾ ಹಮಾಲ. ಸಾಮಾನ ಇಳಸಾಕ ಕರಕೊಂಡ ಬಂದಾರ. ಸುಮ್ನ ಅವ್ರ ಹೆಸರ ಹೇಳಿದೆ, ತಪ್ಪಾತ್ರಿ."

ಆಕೆ ತಡವರಿಸಿ ತಟ್ಟೆಯ ಮುಚ್ಚಳ ತೆಗೆದು, ಸೂಸಲಾದ ತಟ್ಟೆಯನ್ನು ಅಪ್ಪನ ಕೈಗೆ ಕೊಟ್ಟಳು. "ತಿನ್ರಿ. ಬಿಸಿಲಾಗ ಬಂದೀರಿ." ಅರವಿಂದ್ ನೋಟುಗಳನ್ನು ತೆಗೆದು ಮೇಜಿನ ಮೇಲೆ ಇಡಲು ಹೋದ. "ಅದರ ಮ್ಯಾಗ ಇಡಬ್ಯಾಡ್ರಿ, ಅದು ನಿಮ್ದಾತಲ್ಲ. ಕಿಟಕ್ಯಾಗ ಇಟ್ಟು ಹೋಗ್ರಿ. ಮಾತು ಕೊಟ್ಟೀನಿ, ಅದಕ್ಕ ಒಯ್ರಿ. ಇನ್ನೊಮ್ಮೆ ಫೋನ್ ಮಾಡಬ್ಯಾಡ್ರಿ." ಈಗ ಆಕೆ ಅವನ ಕಡೆ ಮುಖ ಓರೆ ಮಾಡುತ್ತಿರಲಿಲ್ಲ. ಕೇಳುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ. ಅಪ್ಪ ಗೋಡೆಗೊರಗಿ ನಿಂತು, ಒಂದು ಕಾಳೂ ಬಿಡದೆ ತಟ್ಟೆ ಮುಗಿಸಿ, ಮೋರಿಯಲ್ಲಿ ತೊಳೆದಿಟ್ಟು ಬಂದ. ಅಷ್ಟೂ ಹೊತ್ತು ಅರವಿಂದ್ ಮೇಜಿನ ಅಂಚಿನ ಬಳ್ಳಿಯನ್ನು ಉಗುರಿನಿಂದ ಕೆರೆಯುತ್ತಿದ್ದ. ವರ್ಷಾ ಇದಕ್ಕೆ ಯಾವ ಬಣ್ಣ ಬಳಿಯುತ್ತಾಳೋ. ಬಿಳಿ ಬಳಿಯುತ್ತಾಳೆ. ದರಿದ್ರ.

ಮೇಜು ಮರದ ಹೆಣದಷ್ಟು ಭಾರವಿತ್ತು. ಅಪ್ಪ ಹೇಳದೆ ಕೇಳದೆ ಕೆಳಗಿನ ತುದಿಯನ್ನು, ಭಾರ ಬೀಳುವ ತುದಿಯನ್ನು, ಹಿಡಿದುಕೊಂಡು ಹಿಮ್ಮುಖವಾಗಿ ಇಳಿಯತೊಡಗಿದ. ಮೊದಲ ತಿರುವಿನಲ್ಲಿ ಮೇಜಿನ ಕಾಲು ಕಟಾಂಜನಕ್ಕೆ ಸಿಕ್ಕಿಕೊಂಡಿತು. "ಸಾಬ್, ಥೋಡಾ ಊಪರ್ ಲೇವ್" ಎಂದಿತು ಕೆಳಗಿನಿಂದ ಒಂದು ದನಿ. ಅರವಿಂದ್ ಬೆಚ್ಚಿ ಕೆಳಗೆ ನೋಡಿದ. ನಾಂಪಲ್ಲಿ ಸ್ಟೇಷನ್ನಿನ ಮುಂದೆ ಸಾಲಾಗಿ ಕೂತಿರುವ ಹಮಾಲರ ದನಿ ಅದು, ಗಂಟಲು ಒಡೆದದ್ದು, ಬೀಡಿಯ ಹೊಗೆ ಕುಡಿದದ್ದು, ಎಳ್ಳಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಪ್ಪ ಬೀಡಿ ಸೇದಿದವನಲ್ಲ. ಅವನಿಗೂ ಇದು ಬರುತ್ತದೆಂದು ಅರವಿಂದನಿಗೆ ಯಾರೂ ಹೇಳಿರಲಿಲ್ಲ. ಮೇಲೆತ್ತಿದ. ಮೇಜು ಸಡಿಲಾಗಿ ಎರಡು ಮೆಟ್ಟಿಲು ಇಳಿಯಿತು. ಎರಡನೆಯ ತಿರುವು ಇನ್ನೂ ಇಕ್ಕಟ್ಟು. ಹಲಗೆ ವಾಲಿ ಗೋಡೆಯ ಕಡೆ ಸರಿಯುತ್ತಿತ್ತು, ಹಲಗೆಗೂ ಗೋಡೆಗೂ ನಡುವೆ ಅಪ್ಪನ ನಾಲ್ಕು ಬೆರಳುಗಳಿದ್ದವು. ಅಪ್ಪ ಹಿಂದಿನ ಮೆಟ್ಟಿಲು ಹುಡುಕುತ್ತಾ ಕೆಳಗೆ ನೋಡುತ್ತಿದ್ದ. ಕೂಗಬೇಕಿತ್ತು, ಈಗಲೇ. ಅಪ್ಪಾ ಎನ್ನಲು ಬಾಯಿ ತೆರೆದ. ಅದು ಅಪ್ಪನ ಮಾತಿನಲ್ಲೇ ಬರುತ್ತಿತ್ತು, ಬಂದರೆ ಮತ್ತೆ ಅದೇ ಅಣಕವಾಗುತ್ತಿತ್ತು, ನುಂಗಿದ. ಕಾಲೇಜಿನ ಆ ಇನ್ನೊಂದು ಕನ್ನಡದಲ್ಲಿ ಎಚ್ಚರಿಕೆ ಎಂಬ ಪದ ಗಂಟಲಿಗೆ ಬಂದು, ಇಷ್ಟು ಚಿಕ್ಕ ಮೆಟ್ಟಿಲಿನಲ್ಲಿ ಹಾಯಲಾರದೆ ಹಾಗೇ ನಿಂತಿತು.

"ಹಾಥ್ ಸಂಭಾಲೋ!" ಎಂದು ಕೂಗಿದ.

ಬೆರಳುಗಳು ಸರಿದವು. ಹಲಗೆ ಗೋಡೆಗೆ ಬಡಿದು ಸುಣ್ಣ ಉದುರಿತು.

"ಜೀ ಸಾಬ್" ಎಂದ ಅಪ್ಪ, ತಲೆ ಎತ್ತದೆ, ಮುಂದಿನ ಮೆಟ್ಟಿಲಿಗೆ ಕಾಲಿಟ್ಟ.